ಮುಕಾದಮನ ಅಂಜಿಕೆ

"ನೀ ಎಲ್ಲಿ ಭಾಷಣಕ್ಕ ನಿಂತ್ರೂ ನಾ ಮುಂದ ಕುಂತಿರ್ತೀನವ್ವ."

ಒಂದನೇ ತರಗತಿಯಲ್ಲಿ ಮೈಕು ಕಂಡು ಅತ್ತಿದ್ದ ಮಗಳಿಗೆ ಜಟ್ಟೆಪ್ಪ ಹಾಗೆಂದು ಮಾತು ಕೊಟ್ಟಿದ್ದ. ಈಗ ಮಲ್ಲಿಕಾ ಒಂಬತ್ತನೇ ತರಗತಿ. ಐರೋಳಿಯ ಹೊಸ ಟವರಿನ ಹದಿನೆಂಟನೇ ಮಾಳಿಗೆಯಲ್ಲಿ ಕನ್ನಡ ಸಂಘದ ಭಾಷಣ ಸ್ಪರ್ಧೆ. ತಾಯಿಯ ಜೊತೆ ಅವಳು ಮೊದಲೇ ಮೇಲೆ ಹೋಗಿದ್ದಳು. ಪಕ್ಕದ ಕಳವಾ ಊರಿನಲ್ಲಿ ಕೆಲಸ ಮುಗಿಸಿ ಬಂದ ಜಟ್ಟೆಪ್ಪ ಕೆಳಗೆ ಲಿಫ್ಟಿನ ಮುಂದೆ ನಿಂತಿದ್ದ. ಪಕ್ಕದಲ್ಲಿ ಅವನ ಕೆಲಸಗಾರರ ಟೋಳಿಯ ವಿಠಲ.

"ಜೀನಾ ಬಂದ್ ಹೈ ಕಾಕಾ," ವಾಚ್‌ಮನ್ ಹೊಸ ಬಣ್ಣದ ವಾಸನೆ ಬರುತ್ತಿದ್ದ ಮೆಟ್ಟಿಲ ಬಾಗಿಲಿನ ಬೀಗ ತೋರಿಸಿದ. "ರಂಗ್ ಕಾ ಕಾಮ್ ಚಾಲೂ ಹೈ. ಲಿಫ್ಟ್ ಸೇ ಜಾವ್."

ಜಟ್ಟೆಪ್ಪ ಮುಕಾದಮ, ಕಟ್ಟಡಗಳ ಹೊರಮೈಗೆ ಬಿದಿರಿನ ಪರಾಂಚಿ, ಅಂದರೆ ಅಟ್ಟಣಿಗೆ, ಕಟ್ಟುವ ಟೋಳಿಯ ಮುಂದಾಳು. ಗಾಳಿಗೆ ತೂಗುವ ಬಿದಿರಿನ ಮೇಲೆ ನಿಂತು ತಂಬಾಕು ತಿಕ್ಕುವವನು. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೊಡದ ಠೇಕೇದಾರನೆದುರು ಕೆಲಸ ನಿಲ್ಲಿಸಿ ಇಡೀ ಟೋಳಿಯನ್ನು ಇಳಿಸಿ ನೆಲದ ಮೇಲೆ ಕೂರಿಸಿದವನು. ಅವನು ಲಿಫ್ಟು ಹತ್ತಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. "ಕಟ್ಟಿದಾಂವ ನಡದ ಹತ್ತಬೇಕು" ಅನ್ನುತ್ತಿದ್ದ. ಟೋಳಿಯವರು ಹೊಸಬರಿಗೆ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಡಬ್ಬಿಯ ಬಾಗಿಲು ಮುಚ್ಚಿದರೆ ಅವನಿಗೆ ಉಸಿರು ಕಟ್ಟುತ್ತದೆಂದು ಗೊತ್ತಿದ್ದುದು ಹೆಂಡತಿ ಗುರಮ್ಮನಿಗೆ ಮಾತ್ರ.

ವಾರವಿಡೀ ಮಲ್ಲಿಕಾ ಮನೆಯಲ್ಲಿ ಭಾಷಣ ಒಪ್ಪಿಸಿದ್ದಳು. ದೊಡ್ಡ ನಾಯಕರ ಭಯಗಳು ಅದರ ವಿಷಯ. ರೋಮಿನ ಚಕ್ರವರ್ತಿ ಅಗಸ್ಟಸ್ ಗುಡುಗಿಗೆ ಹೆದರಿ ನೆಲಮಾಳಿಗೆ ಸೇರುತ್ತಿದ್ದನಂತೆ. ಗಾಂಧೀಜಿಗೆ ಬಾಲ್ಯದಲ್ಲಿ ಕತ್ತಲೆಂದರೆ ನಡುಕ.

"ಅಷ್ಟ್ ದೊಡ್ಡ ರಾಜ, ಗುಡುಗಿಗೆ?" ಜಟ್ಟೆಪ್ಪ ರೊಟ್ಟಿ ಮುರಿಯುತ್ತ ನಕ್ಕಿದ್ದ. "ಗಾಂಧೀಜಿ ಏನ್ ಮಾಡಿದ್ರು?"

"ಮನಿ ಕೆಲಸದಾಕಿ ರಂಭಾ, ರಾಮನಾಮ ಹೇಳ್ಕೋ ಅಂದ್ಲಂತ."

"ಇವ್ರಿಗಿ ಅಂಜಿಕಿ ಅದ ಅಂತ ಆಕಿಗಿ ಹ್ಯಾಂಗ ಗೊತ್ತಾತು?"

"ಇವ್ರೇ ಹೇಳಿರಬೇಕಪ್ಪ. ಹೇಳಲಾರ್ದ ಹ್ಯಾಂಗ ಗೊತ್ತಾಗ್ತದ?"

ಜಟ್ಟೆಪ್ಪನ ನಗು ಅಲ್ಲಿಗೆ ನಿಂತಿತ್ತು.

ಲಿಫ್ಟು ಬಂತು. ವಿಠಲ ಒಳಗೆ ಹೋಗಿ ಬಾಗಿಲಿಗೆ ಕಾಲು ಅಡ್ಡ ಇಟ್ಟ. "ಬರ್ರಿ ಮುಕಾದಮ. ನಿಮ್ಮ ಮಗಳು ಭಾಷಣ ಮುಗಿಸಿ ಕೆಳಗ ಬಂದಾಳು!"

"ವಿಠಲಾ, ನನಗ ಇದರಾಗ ಅಂಜಿಕಿ ಆಗ್ತದೋ."

ವಿಠಲ ನಕ್ಕ. ಜಟ್ಟೆಪ್ಪ ನಗಲಿಲ್ಲ.

"ಮತ್ತ ಕಟ್ಟಿದಾಂವ ನಡದ ಹತ್ತಬೇಕು ಅಂತಿದ್ರಿ?"

"ಸುಳ್ಳ ಹೇಳ್ತಿದ್ದೆ. ಕೈ ಕೊಡು."

ಹಗ್ಗ ಬಿಗಿದು ಬಿಗಿದು ಒರಟಾದ ಕೈಯನ್ನು ವಿಠಲ ಮುಂದೆ ಚಾಚಿದ. "ನಾ ಮೊದಲ ಪರಾಂಚಿ ಹತ್ತಿದಾಗ ಏನಂದಿದ್ರಿ? ಕೆಳಗ ನೋಡಬ್ಯಾಡ ಮಗನ, ನನ್ನ ಮಾರಿ ನೋಡು ಅಂತ. ಈಗ ನೀವು ಮಾಳಿಗಿ ನಂಬರ್ ನೋಡಬ್ಯಾಡ್ರಿ. ನನ್ನ ಮಾರಿ ನೋಡ್ರಿ."

"ನಿನ್ನ ಮಾರಿ ನೋಡಿದ್ರ ಅಂಜಿಕಿ ಇನ್ನಾ ಜಾಸ್ತಿ ಆಗ್ತದಲೇ," ಎಂದು ಜಟ್ಟೆಪ್ಪ ಒಳಗೆ ಕಾಲಿಟ್ಟ.

ಬಾಗಿಲು ಮುಚ್ಚಿತು.

ಮೇಲೆ ಮಲ್ಲಿಕಾ ಮೈಕಿನ ಮುಂದೆ ಬಂದಿದ್ದಳು. ಹೆಸರು ಕರೆದಾಗಿತ್ತು, ಆದರೂ ಅವಳು ಸಭೆಯ ಬಾಗಿಲನ್ನೇ ನೋಡುತ್ತಿದ್ದಳು. ಇಬ್ಬರು ಗಂಡಸರು ಕೈ ಕೈ ಹಿಡಿದುಕೊಂಡೇ ಒಳಗೆ ಬಂದರು. ಒಬ್ಬನ ಅಂಗಿ ಬೆವರಿಗೆ ಮೈಗಂಟಿತ್ತು. ಗುರಮ್ಮ ಮುಂದಿನ ಸಾಲಿನ ಕುರ್ಚಿಯ ಮೇಲಿಟ್ಟಿದ್ದ ಚೀಲ ಎತ್ತಿಕೊಂಡಳು.

ಕೊಟ್ಟ ಮಾತಿನಂತೆ ಜಟ್ಟೆಪ್ಪ ಮುಂದೆ ಕೂತ.