ಸತ್ತವಳು ಎದ್ದು ಕೈಮುಗಿದದ್ದು

ಆಧುನಿಕೋತ್ತರವಾದ ಎಂಬ ಪದವನ್ನು ಅಂಕಿತಾ ಬಾಯಿಪಾಠ ಮಾಡಿ ಮೂರು ತಿಂಗಳಾಗಿತ್ತು. ಅದರ ಅರ್ಥ ಮಾತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಗದಗಿನ ಕಾಲೇಜಿನಲ್ಲಿ ಮಾಧ್ಯಮ ಅಧ್ಯಯನದ ಕೊನೆಯ ವರ್ಷ. ಆ ವಾದದ ಮೇಲೆ ಬರೆಯಬೇಕಿದ್ದ ಸೆಮಿನಾರ್ ಪ್ರಬಂಧಕ್ಕೆ ಗೆಳತಿಯರೆಲ್ಲ ಸಿನಿಮಾ, ರೀಮಿಕ್ಸ್ ಹಾಡು ಅಂತ ಸುಲಭದ್ದನ್ನು ಹಿಡಿದುಕೊಂಡರೆ, ಇವಳು ಮನೆಯಲ್ಲೇ ಸಾಮಗ್ರಿ ಇದೆಯಲ್ಲ ಎಂಬ ಆಸೆಗೆ ಹಳ್ಳಿಯ ನಾಟಕ ಆರಿಸಿಕೊಂಡಳು. ಆರಿಸಿದ್ದೂ ತಾನೇ, ಹೆದರಿದ್ದೂ ತಾನೇ. ಅಂದಿನಿಂದ ಒಂದು ಕಡೆ ಕೂತವಳಲ್ಲ.

ಸೆಮಿನಾರಿನಲ್ಲಿ ತೋರಿಸಬೇಕಿದ್ದದ್ದು ಮುಂಡರಗಿ ಕಡೆಯ ಒಂದೂರಿನ ನಾಟಕದ ವಿಡಿಯೊ. ಅದರಲ್ಲಿ ಮಗನ ತೊಡೆಯ ಮೇಲೆ ಪ್ರಾಣ ಬಿಡುವ ತಾಯಿಯಾಗಿದ್ದವಳು ಇವಳ ಹೆತ್ತವ್ವ, ರೇಣುಕವ್ವ. ಊರೂರು ತಿರುಗಿ ಬಣ್ಣ ಹಚ್ಚಿಯೇ ಮಗಳನ್ನು ಓದಿಸಿದವಳು. ಈ ಸಂಗತಿ ಕಾಲೇಜಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಪ್ರಬಂಧದಲ್ಲಿ ‘ಒಬ್ಬ ನಟಿ’ ಎಂದು ಬರೆದು ಅಂಕಿತಾ ಕೈತೊಳೆದುಕೊಂಡಿದ್ದಳು.

ವಿಡಿಯೊ ಶುರುವಾಯಿತು. ತಾಯಿ ಸತ್ತಳು. ಅಷ್ಟರಲ್ಲಿ ಮುದುಕನೊಬ್ಬ ನಟನೆ ಮೆಚ್ಚಿ ಆಯೇರಿಯ ಉಡುಗೊರೆ ಮಾಡಲು ಟವೆಲ್ ಹಿಡಿದು ರಂಗದ ಮೇಲೆ ಬಂದ. ಸತ್ತವಳು ಎದ್ದಳು, ಟವೆಲ್ ಹೊದಿಸಿಕೊಂಡಳು, ಮೈಕಿನಲ್ಲಿ ಅವನ ಹೆಸರು ಹೇಳಿ ಕೈಮುಗಿದಳು, ಹೋಗಿ ಮತ್ತೆ ಸತ್ತಳು. ತರಗತಿ ಬಿದ್ದು ಬಿದ್ದು ನಕ್ಕಿತು. ಅಂಕಿತಾಳೂ ನಕ್ಕಳು. ನಕ್ಕ ಮರುಗಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ನಾಟಕ ಯಾವುದು, ಖರೆ ಯಾವುದು ಅನ್ನೋ ಗೆರಿ ಅಳಿಸಿ ಹೋಗೋದಕ್ಕ ಇದಕ್ಕಿಂತ ಚಲೋ ಉದಾಹರಣಿ ಸಿಗಂಗಿಲ್ಲ,” ಎಂದರು ನಂದೀಶ ಸರ್. “ಆದ್ರ ಯಾಕ ಎದ್ದಳು ಅಂತ ಆಕಿನ್ನ ಕೇಳಿಯೇನು?”

“ಇಲ್ಲರಿ ಸರ್.”

“ಕೇಳ್ಕೊಂಡು ಸೋಮವಾರ ಬಾ. ಹೆಸರೂ ಬೇಕು.”

ಬೆಟಗೇರಿಯ ಮನೆಯಲ್ಲಿ ರೇಣುಕವ್ವ ರೊಟ್ಟಿ ಬಡಿಯುತ್ತಿದ್ದಳು. ಅಂಕಿತಾ ಒಳಗೂ ಹೊರಗೂ ನಾಲ್ಕು ಸಲ ಸುತ್ತಿ, ಕೊನೆಗೆ ಕೇಳಿಯೇಬಿಟ್ಟಳು.

“ಯವ್ವಾ, ಸತ್ತಾಕಿ ಯಾಕ ಎದ್ದಿ ಬೇ?”

“ಮತ್ತೇನ್ ಮಾಡ್ಲಿ?” ರೇಣುಕವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ನಾ ಸತ್ತದ್ದು ಸುಳ್ಳು. ಆ ಹಿರ್ಯಾ ಕೋಲೂರಿಕೊಂಡು ಬಂದದ್ದು ಖರೆ.”

ಮೂರು ತಿಂಗಳು ತಿರುವಿದ ಪುಸ್ತಕಗಳಲ್ಲಿ ಇಷ್ಟು ನೆಟ್ಟಗಿನ ಮಾತು ಸಿಕ್ಕಿರಲಿಲ್ಲ. ಅಂಕಿತಾ ಅದನ್ನು ಹಾಗೇ ಬರೆದುಕೊಂಡಳು.

“ಬರಕೊಂಡ್ಯಾ? ಹೆಸರು ಮಾತ್ರ ನಂದು ಹಾಕಬ್ಯಾಡ,” ಎಂದಳು ಅವ್ವ. “ಬ್ಯಾರೆ ಯಾವುದಾರ ಹಾಕು. ಗೆಳತ್ಯಾರ ಮುಂದ ನಿನಗ ನಾಚಿಕಿ ಆಗ್ತೈತಿ. ನನಗೇನು ತಿಳಿಯಂಗಿಲ್ಲೇನು?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವ್ವ ಬೈಯಲಿಲ್ಲ, ಬಿಸಿ ರೊಟ್ಟಿ ತಾಟಿಗೆ ಹಾಕಿ ಉಣ್ಣು ಎಂದಳು. ಭಾನುವಾರವಿಡೀ ಅಂಕಿತಾ ಪ್ರಬಂಧದಲ್ಲಿ ಅವ್ವನ ಹೆಸರು ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಸೋಮವಾರ ತರಗತಿಯಲ್ಲಿ ಸರ್ ಆ ನಟಿಯ ಹೆಸರು ಕೇಳಿದರು.

“ರೇಣುಕವ್ವ.”

“ನಿನಗ ಹೆಂಗ ಪರಿಚಯ?”

“ನಮ್ಮವ್ವರಿ.”

ದನಿ ಎಷ್ಟು ಇಳಿದಿತ್ತೆಂದರೆ, ಹಿಂದಿನ ಬೆಂಚಿನವರು ಕೇಳಿಸಲಿಲ್ಲ ಎಂದರು. ಅಂಕಿತಾ ಅವರ ಕಡೆಗೇ ತಿರುಗಿದಳು.

“ಮೊನ್ನಿ ನಾವೆಲ್ಲಾ ನೋಡಿ ನಕ್ಕೆವಲ್ಲ, ಆಕಿ ನಮ್ಮವ್ವ. ನಾನೂ ನಕ್ಕೀನಿ.”