ಬಿಸ್ಕತ್ ಡಬ್ಬಿಯ ಮುಚ್ಚಳ

ಚೀನೀ ಪಂಚಾಂಗದ ಏಳನೇ ತಿಂಗಳು ಕಾಲಿಟ್ಟಿತೆಂದರೆ ಮಲೇಷ್ಯಾದ ಪೆನಾಂಗಿನಲ್ಲಿ ಎಂಥ ಗಟ್ಟಿಗರಿಗೂ ಎದೆ ಅಳುಕುತ್ತದೆ. ಪಾತಾಳದ ಬಾಗಿಲು ತೆರೆದು ಸತ್ತವರು ಉಣ್ಣಲು ಬರುವ ತಿಂಗಳು ಅದು. ಹಿಂದಿನಿಂದ ಯಾರು ಕರೆದರೂ ತಿರುಗಿ ನೋಡಬಾರದು. ಸಿಯು ಇಮ್ ಇದನ್ನೆಲ್ಲ ನಂಬುವ ಪೈಕಿಯಲ್ಲ. ಬಾಯನ್ ಲೆಪಾಸಿನ ಕಾರ್ಖಾನೆಗಳ ಸಾಲಿನಲ್ಲಿದ್ದ ಸಣ್ಣ ಕಂಪನಿಯೊಂದರಲ್ಲಿ ರೇಡಿಯೊ ಬೋರ್ಡುಗಳನ್ನು ಅಳೆಯುತ್ತಲೇ ಅರ್ಧ ಆಯಸ್ಸು ಸವೆಸಿದ ಎಂಜಿನಿಯರ್ ಅವಳು. ಆದರೂ ಆ ವರ್ಷ, ಆ ತಿಂಗಳು ಹುಟ್ಟಿದ ವಾರದಲ್ಲೇ, ಅವಳ ಅಳತೆಯ ಯಂತ್ರದ ಪರದೆಯ ಮೇಲೆ ಬೇಡದ ಗೆರೆಯೊಂದು ಎದ್ದು ನಿಂತಿತು.

ಆಂಟೆನಾದ ದಾರಿ ಬದಲಿಸುವ ಸ್ವಿಚ್ಚನ್ನು ನಡೆಸಲು ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದರೊಳಗಿನ ಪಂಪು ಸದಾ ಟಿಕ್ ಟಿಕ್ ಎನ್ನುತ್ತ ಸ್ವಿಚ್ಚಿಗೆ ಬೇಕಾದ ವೋಲ್ಟೇಜನ್ನು ತುಂಬಿಕೊಡುತ್ತದೆ. ಆ ಟಿಕ್ ಟಿಕ್ ರೇಡಿಯೊದೊಳಗೆ ಸೋರಿತೋ, ಕೆಲಸ ಕೆಟ್ಟಿತು. ಮಗು ಮಲಗಿದ ಕೋಣೆಯಲ್ಲಿ ಗಡಿಯಾರ ಬಡಿದ ಹಾಗೆ. ದೂರದ ಸಣ್ಣ ದನಿಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಪರದೆಯ ಮೇಲೆ ಆ ಸೋರಿಕೆ ಒಂಟಿ ಗೆರೆಯಾಗಿ ಕಾಣುತ್ತದೆ.

ಈ ಡ್ರೈವರನ್ನು ಕಟ್ಟಿದವನು ಖಾವ್ ಬೂನ್ ತಿಯಾಂಗ್. ಎಲ್ಲರ ಬಾಯಲ್ಲೂ ಬೂನ್ ಹಿಯ, ಎಂದರೆ ಬೂನಣ್ಣ. ಪಂಪನ್ನು ನಿಧಾನ ಮಾಡಿ, ದೊಡ್ಡ ಕೆಪಾಸಿಟರ್ ಹಾಕಿ, ಇಡೀ ಊರಲ್ಲಿ ಯಾರದ್ದೂ ಇಲ್ಲದಷ್ಟು ಮೌನವಾದ ಡ್ರೈವರ್ ಮಾಡಿದ್ದ. ಎಲ್ಲರೂ ಪಂಪಿನ ವೇಗವನ್ನು ಒಂದು ದುಂಡು ಸಂಖ್ಯೆಗೆ ಇಟ್ಟರೆ ಅವನು ಕೂದಲೆಳೆಯಷ್ಟು ಆಚೆಗಿಡುತ್ತಿದ್ದ. "ರೌಂಡ್ ನಂಬರ್ ಮೇಲೆ ಊರಿನ ಗಲಾಟೆಯೆಲ್ಲ ಬಂದು ಕೂತಿರತ್ತೆ ಇಮ್, ನಾವು ಸ್ವಲ್ಪ ಪಕ್ಕಕ್ಕೆ ಕೂರೋಣ" ಎನ್ನುತ್ತಿದ್ದ.

ಚೀನೀ ಹೊಸ ವರ್ಷದ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನು ದಿನದಂತೆ ಅವಳ ಕುರ್ಚಿಯ ಹಿಂದೆ ಬಂದು ನಿಂತು, "ಇಮ್, ಊಟ ಆಯ್ತಾ?" ಎಂದು ಕೇಳಿದ. ಅವಳು ಪರದೆಯಿಂದ ಕಣ್ಣು ಕೀಳದೆ, ಹೋಗು ಎಂಬಂತೆ ಕೈ ಬೀಸಿದಳು. ಅವನು ಒಬ್ಬನೇ ಹೋದ. ನೂಡಲ್ಸ್ ಅಂಗಡಿಯ ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಶವದ ಮುಂದೆ ಮೂರು ದಿನ ಊದುಬತ್ತಿ ಹಚ್ಚಿದರೂ ಇಮ್‌ಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ತಿರುಗಿ ನೋಡದ ಆ ಕತ್ತು ಮಾತ್ರ ಅಂದಿನಿಂದ ನೋಯುತ್ತಲೇ ಇತ್ತು.

ಈಗ ಗೆರೆ ಎದ್ದಿದ್ದು ಸರಿಯಾಗಿ ಬೂನನ ಆ ಓರೆ ಜಾಗದಲ್ಲೇ, ದುಂಡು ಸಂಖ್ಯೆಯಿಂದ ಕೂದಲೆಳೆಯಷ್ಟು ಪಕ್ಕಕ್ಕೆ.

"ಸೋಮವಾರ ಗಿರಾಕಿಗಳು ಬರ್ತಾರೆ," ಎಂದ ಮಾಲೀಕ ಕ್ವಾ. "ಅಷ್ಟರಲ್ಲಿ ಈ ಗೆರೆ ಹೋಗ್ಲಿಲ್ಲ ಅಂದ್ರೆ ಬೂನನ ಡ್ರೈವರ್ ಕಿತ್ತು ಹಾಕಿ ಅಂಗಡೀದು ಹಾಕ್ತೀನಿ. ಬೇಜಾರು ಮಾಡ್ಕೋಬೇಡ, ಸತ್ತವನ ಮೇಲಿನ ಪ್ರೀತಿಗೆ ಯಾರೂ ಆರ್ಡರ್ ಕೊಡಲ್ಲ."

ಬೂನ್ ಈ ಲೋಕದಲ್ಲಿ ಬಿಟ್ಟುಹೋದದ್ದೇ ಅದೊಂದು. ಅದೂ ಕಸದ ಬುಟ್ಟಿಗೆ ಹೋಗುವುದೆಂದರೆ ಇಮ್‌ಗೆ ಅವನನ್ನು ಎರಡನೇ ಸಲ ಹೂತಂತೆ. ಅವಳು ಹಟ ಹಿಡಿದು ಕೂತಳು. ಕೆಪಾಸಿಟರ್ ಇನ್ನೂ ದೊಡ್ಡದು ಹಾಕಿದಳು, ದಾರಿಯಲ್ಲಿ ಫಿಲ್ಟರ್ ಕೂರಿಸಿದಳು, ಡ್ರೈವರಿನ ಮೇಲೆ ತಗಡು ಕವುಚಿದಳು. ಜಪ್ಪಯ್ಯ ಅಂದರೂ ಗೆರೆ ಅಲುಗಲಿಲ್ಲ.

ಶನಿವಾರ ಮಧ್ಯಾಹ್ನ ಜೊತೆಯ ಟೆಕ್ನಿಶಿಯನ್ ಹಸ್ಲಿನಾ ಊಟಕ್ಕೆ ಹೊರಡುವ ಮುನ್ನ ಬೋರ್ಡಿನ ಕರೆಂಟು ಆರಿಸಿದಳು. ಪರದೆ ನೋಡಿದವಳೇ ನಿಂತಲ್ಲೇ ನಿಂತಳು.

"ಕಾಕ್..." ಇಮ್‌ಳನ್ನು ಅವಳು ಮಲಯ್ ರೂಢಿಯಂತೆ ಅಕ್ಕ ಎಂದೇ ಕರೆಯುವುದು. "ಬೋರ್ಡ್ ಆಫ್ ಮಾಡಿದೀನಿ. ಗೆರೆ ಇನ್ನೂ ಇದೆ."

ಇಮ್ ಪ್ಲಗ್ಗನ್ನೇ ಕಿತ್ತು ನೋಡಿದಳು. ಗೆರೆ ಹಾಗೇ ನಿಂತಿತ್ತು. ಚಹಾ ಲೋಟ ಒಯ್ಯಲು ಬಂದಿದ್ದ ಗೈಕ್ ಆಂಟಿ ಬಾಗಿಲಲ್ಲೇ ಕೈ ಮುಗಿದಳು. "ನಾನು ಹೇಳ್ಲಿಲ್ವಾ? ಹೋದ ತಿಂಗಳು ಇತ್ತಾ ಇದು? ಬೂನ್ ಬಂದಿದಾನೆ ಕಣೇ."

"ಸುಮ್ನಿರಿ ಆಂಟಿ," ಎಂದಳು ಇಮ್. ದನಿ ಮಾತ್ರ ಅವಳ ಮಾತು ಕೇಳಲಿಲ್ಲ, ನಡುಗಿತು.

ಮೂಸಿ ನೋಡುವ ತಂತಿ ಎಂದು ಅವರು ಕರೆಯುತ್ತಿದ್ದ, ತುದಿಯಲ್ಲಿ ಸಣ್ಣ ಬಳೆಯಿರುವ ಕೇಬಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ, ಸ್ಪೀಕರ್ ಹಾಕಿದಳು. ಗೆರೆ ಈಗ ದನಿಯಾಯಿತು. ಸಣ್ಣಗೆ, ಬಿಡದೆ, ಕಿವಿಯ ಪಕ್ಕದಲ್ಲೇ ಯಾರೋ ಗುನುಗಿದಂತೆ. ಕಿಟಕಿಯ ಕಡೆ ಹೋದರೆ ದನಿ ಕುಗ್ಗಿತು. ಬೂನನ ಖಾಲಿ ಕುರ್ಚಿಯ ಕಡೆ ಹೋದರೆ ಏರಿತು. ಕುರ್ಚಿಯ ಹಿಂದಿನ ಮರದ ಕಪಾಟಿನ ಬಾಗಿಲು ತೆಗೆದಾಗ ಕೋಣೆಯೆಲ್ಲ ಅದೇ ತುಂಬಿತು.

ಒಳಗೆ ಮುಚ್ಚಳವಿಲ್ಲದ ಒಂದು ಬಿಸ್ಕತ್ ಡಬ್ಬಿ. ಡಬ್ಬಿಯಲ್ಲಿ ಬೂನನ ಮೊದಲ ಬೋರ್ಡು, ಪಕ್ಕಕ್ಕೆ ಒಂದು ದಪ್ಪ ಬ್ಯಾಟರಿ. ಎಷ್ಟು ಕಾಲ ಬಾಳುತ್ತದೋ ನೋಡೋಣವೆಂದು ಓಡಿಸಿಟ್ಟು, ಅದರ ಸದ್ದು ಹೊರಗೆ ಸೋರದಿರಲೆಂದು ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಅವನ ಎದೆ ನಿಂತು ಆರು ತಿಂಗಳಾಗಿತ್ತು. ಇದು ಇನ್ನೂ ಬಡಿಯುತ್ತಿತ್ತು.

"ಮುಚ್ಚಳ ಎಲ್ಲಿ?" ಎಂದಳು ಇಮ್.

ಗೈಕ್ ಆಂಟಿಯ ಮುಖ ಸಣ್ಣದಾಯಿತು. "ಅಯ್ಯೋ, ತಿಂಗಳು ಹುಟ್ಟಿದ ದಿನ ನಾನೇ ತಗೊಂಡೆ. ಹಿತ್ತಿಲ ಬಾಗಿಲಲ್ಲಿ ಸತ್ತವರಿಗೆ ಎಡೆ ಇಡೋಕೆ ತಟ್ಟೆ ಇರ್ಲಿಲ್ಲ. ಈಗ ಕೇಳ್ಬೇಡ ಮತ್ತೆ! ಅವ್ರ ಮುಂದಿಟ್ಟಿರೋ ತಟ್ಟೆ ಕಿತ್ಕೊಳ್ತಾರಾ ಯಾರಾದ್ರೂ?"

ಹಸ್ಲಿನಾ ನಕ್ಕೇಬಿಟ್ಟಳು. "ಅಷ್ಟೇನಾ! ಅಡುಗೆಮನೇಲಿ ಫಾಯಿಲ್ ಇದೆ ಕಾಕ್, ಸುತ್ತಿ ಇಟ್ಬಿಡೋಣ. ಪಾಪ, ಓಡ್ಲಿ ಬಿಡಿ."

ಇಮ್‌ಗೂ ಅದೇ ಆಸೆ. ಸುತ್ತಿಟ್ಟರೆ ಅಳತೆಯೂ ಶುದ್ಧ, ಬೂನೂ ಪಕ್ಕದಲ್ಲೇ. ಇದಕ್ಕಿಂತ ಇನ್ನೇನು ಬೇಕು? ಹಸ್ಲಿನಾ ಫಾಯಿಲ್ ತರಲು ಓಡಿದಳು.

"ಬಂದವರಿಗೆ ಉಣಿಸಿ ಕಳಿಸ್ಬೇಕು ಮಗಾ," ಎಂದಳು ಗೈಕ್ ಆಂಟಿ ಮೆಲ್ಲಗೆ. "ಡಬ್ಬೀಲಿ ಕೂಡಿ ಹಾಕ್ಬಾರ್ದು."

ಇಮ್ ಡಬ್ಬಿಯನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಬ್ಯಾಟರಿಯ ಕೆಂಪು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು.

ದನಿ ನಿಲ್ಲಲಿಲ್ಲ. ತಂತಿ ಅವಳ ಕೈಯಲ್ಲಿತ್ತು, ದನಿ ಕೋಣೆಯಲ್ಲಿತ್ತು. ಗೈಕ್ ಆಂಟಿ ಜಪ ಶುರುಮಾಡಿದಳು. ಇಮ್‌ಗೆ ಅರ್ಥವಾಯಿತು: ಟಿಕ್ ಟಿಕ್ ಕೇಳಿಸದಿರಲೆಂದು ಬೂನನೇ ಹಾಕಿದ್ದ ಆ ದೊಡ್ಡ ಕೆಪಾಸಿಟರುಗಳಲ್ಲಿ ಉಳಿದ ಕರೆಂಟು ಈಗ ಬಸಿಯುತ್ತಿದೆ. ಅರ್ಥವಾದ ಮಾತ್ರಕ್ಕೆ ಸಂಕಟವೇನೂ ತಗ್ಗಲಿಲ್ಲ. ದನಿ ಇಳಿಯಿತು, ದಪ್ಪವಾಯಿತು, ಗಂಡಸಿನ ಕೊರಳಿನಷ್ಟು ಕೆಳಗಾಯಿತು. ಪರದೆಯ ಮೇಲೆ ಗೆರೆ ತನ್ನ ಓರೆ ಜಾಗ ಬಿಟ್ಟು ಎಡಕ್ಕೆ ಸರಿಯುತ್ತ, ಕುಗ್ಗುತ್ತ, ಒಮ್ಮೆ ತಡವರಿಸಿ, ಇಲ್ಲವಾಯಿತು.

ಅವಳು ತನ್ನ ಕುರ್ಚಿಗೆ ಮರಳಿ, ಅಳೆಯುತ್ತಿದ್ದ ಬೋರ್ಡಿಗೆ ಮತ್ತೆ ಕರೆಂಟು ಕೊಟ್ಟಳು. ಅಲ್ಲಿಂದ ಇಲ್ಲಿಯವರೆಗೆ ಪರದೆ ಖಾಲಿ, ಶುದ್ಧ. ಬೂನನ ಡ್ರೈವರ್ ಗೆದ್ದಿತ್ತು. ಅವನು ಹೇಳಿದಷ್ಟೇ ಮೌನ ಅದರಲ್ಲಿತ್ತು, ಮತ್ತು ಆ ಮೌನವನ್ನು ನೋಡುತ್ತ ಕೂರುವುದು ಅವಳಿಗೆ ಸಹಿಸಲಾಗಲಿಲ್ಲ.

ಆಗ ಅವಳ ಕುರ್ಚಿಯ ಹಿಂದೆ ಯಾರೋ ಬಂದು ನಿಂತರು.

"ಊಟ ಆಯ್ತಾ?"

ಗೈಕ್ ಆಂಟಿ ಗಬಕ್ಕನೆ ಅವಳ ಮೊಣಕೈ ಹಿಡಿದಳು. "ತಿರುಗ್ಬೇಡ! ಈ ತಿಂಗಳು ತಿರುಗ್ಬಾರ್ದು!"

ಇಮ್ ತಿರುಗಿದಳು. ಫಾಯಿಲ್ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಎರಡು ಅನ್ನದ ಪೊಟ್ಟಣ ಹಿಡಿದು ಹಸ್ಲಿನಾ ನಿಂತಿದ್ದಳು. ಇಮ್‌ಳ ಕಣ್ಣುಗಳು ಅವಳನ್ನು ದಾಟಿ ಬೂನನ ಖಾಲಿ ಕುರ್ಚಿಯ ಮೇಲೆ ನಿಂತವು, ಆರು ತಿಂಗಳಿನ ನೀರೆಲ್ಲ ಒಮ್ಮೆಲೇ ಬಂತು.

"ಇನ್ನೂ ಇಲ್ಲ, ಹಿಯ," ಎಂದಳು. "ಬಾ, ಹೋಗೋಣ."