ಡ್ರೆಗೋರನ ನಗು

ಕೇಕು ಕತ್ತರಿಸಿ ಆಗಿತ್ತು. ತಾದೊಕೊರೊ ಅವರು ಟಿವಿಯ ಪಕ್ಕದಲ್ಲಿ, ಬಣ್ಣದ ಕಾಗದದ ಮಾಲೆಯ ಕೆಳಗೆ, ಎರಡೂ ಕೈಗಳನ್ನು ತೊಡೆಗೆ ಒತ್ತಿಕೊಂಡು ನೆಟ್ಟಗೆ ನಿಂತಿದ್ದರು. ಎಪ್ಪತ್ತು ದಾಟಿದ ಸಣ್ಣ ಆಳು. ಮಕ್ಕಳ ಹುಟ್ಟುಹಬ್ಬಕ್ಕೆ ಯಾರೂ ಹಾಕಿಕೊಂಡು ಬರದ ಕಪ್ಪು ಕೋಟು, ಬೂದು ಬಣ್ಣದ ಟೈ ಬೇರೆ. ಅವರ ಮಗಳು ಮಿಯುಕಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

"ಸೈಲೆನ್ಸ್, ಸೈಲೆನ್ಸ್!" ಎಂದು ಬದರೀನಾಥ ಚಪ್ಪಾಳೆ ತಟ್ಟಿದ. "ಕಿಡ್ಸ್, ದಿಸ್ ಈಸ್ ದ ರಿಯಲ್ ಲಾರ್ಡ್ ಡ್ರೆಗೋರ್!"

ಕಾರ್ಪೆಟ್ಟಿನ ಮೇಲೆ ಕೂತಿದ್ದ ಮಕ್ಕಳೆಲ್ಲ ಚಿಪ್ಸ್ ಅಗಿಯುವುದನ್ನು ನಿಲ್ಲಿಸಿದರು. ಹುಟ್ಟುಹಬ್ಬದ ಹುಡುಗ, ಬದರೀನಾಥನ ಮಗ ಅಭಿ, ಕಾಗದದ ಟೋಪಿ ಸರಿಮಾಡಿಕೊಂಡು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಆ ಕ್ಷಣ ಅಪ್ಪ ಮಗ ಇಬ್ಬರ ಎದೆಯೂ ಒಂದೇ ಅಳತೆಗೆ ಉಬ್ಬಿತ್ತು.

ಬದರೀನಾಥನ ಸ್ವಭಾವವೇ ಹಾಗೆ. ತನ್ನದಲ್ಲದ್ದನ್ನೂ ತನ್ನದೇ ಎಂಬಂತೆ ತೋರಿಸಿ ಖುಷಿಪಡುವವನು. ಬೆಂಗಳೂರಿನಿಂದ ನೆಂಟರು ಬಂದರೆ ನೈರೋಬಿಯ ನ್ಯಾಷನಲ್ ಪಾರ್ಕಿನ ಸಿಂಹವನ್ನು ತಾನೇ ಸಾಕಿದವನ ಹಾಗೆ ತೋರಿಸುತ್ತಿದ್ದ. ಟೆಲಿಕಾಂ ಕಂಪನಿಯವರು ಅವನನ್ನು ಇಲ್ಲಿಗೆ ಕಳಿಸಿದ್ದು ಟವರ್ ನಿಲ್ಲಿಸುವುದಕ್ಕೆ. ಕಿಲಿಮಾನಿಯ ಈ ಅಪಾರ್ಟ್‌ಮೆಂಟಿನ ಗೇಟು ಕಾಯುವ ಅಸ್ಕಾರಿಯ ಹತ್ತಿರ ಮಾತ್ರ ಇಡೀ ಕೀನ್ಯಾದ ಫೋನುಗಳೆಲ್ಲ ತನ್ನಿಂದಲೇ ರಿಂಗಾಗುತ್ತವೆ ಎಂಬ ಧಾಟಿ. ಯಾರಿಗೂ ಇದರಿಂದ ತೊಂದರೆಯಿರಲಿಲ್ಲ. ಅಸ್ಕಾರಿಯೂ "ಸವಾ, ಬಾಸ್", ಸರಿ ಬಾಸ್, ಎಂದು ಸುಮ್ಮನಾಗುತ್ತಿದ್ದ.

ಆದರೆ ಈ ಸಲ ಬದರೀನಾಥನಿಗೆ ನಿಜವಾಗಿಯೇ ಒಂದು ಅಗತ್ಯವಿತ್ತು. ಅಭಿಯನ್ನು ವರ್ಷದ ನಡುವೆ ಹೊಸ ಶಾಲೆಗೆ ಸೇರಿಸಿದ್ದರು. ಹುಡುಗ ಅಲ್ಲಿ ಒಬ್ಬಂಟಿಯಾಗಿಬಿಟ್ಟಿದ್ದ. ಬೆಳಿಗ್ಗೆ ಕಟ್ಟಿಕೊಟ್ಟ ಚಪಾತಿ ಸಂಜೆ ಡಬ್ಬಿಯಲ್ಲಿ ಹಾಗೇ ವಾಪಸ್ಸು ಬರುತ್ತಿತ್ತು. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರು ಕೂರಬೇಕು, ಫುಟ್‌ಬಾಲಿಗೆ ಯಾರನ್ನು ಸೇರಿಸಬೇಕು ಎಂದು ತೀರ್ಮಾನಿಸುವವನು ಎಲ್ರೊಯ್ ಎಂಬ ಹುಡುಗ. ಹೈರಿಡ್ಜ್‌ನಲ್ಲಿ ಮನೆ, ಮಂಗಳೂರು ಕಡೆಯವರು. ಎಲ್ರೊಯ್‌ಗೂ ಅವನ ಹಿಂಡಿಗೂ ಒಂದು ಜಪಾನೀ ಕಾರ್ಟೂನಿನ ಹುಚ್ಚು. ಅದರ ಖಳನಾಯಕನೇ ಈ ಲಾರ್ಡ್ ಡ್ರೆಗೋರ್, ಕಬ್ಬಿಣದ ಮುಖವಾಡದವನು. ಅಭಿ ಆ ಡಿವಿಡಿಗಳನ್ನು ಪೇಟೆಯಿಂದ ತರಿಸಿಕೊಂಡು, ಆಟಕ್ಕೆ ಯಾರೂ ಇಲ್ಲದೆ, ಒಬ್ಬನೇ ನೋಡುತ್ತಿದ್ದ.

ಹೀಗಿರುವಾಗ ಮೇಲಿನ ಮಹಡಿಯ ಮಿಯುಕಿಯ ಅಪ್ಪ ಜಪಾನಿನಿಂದ ಮೂರು ತಿಂಗಳಿಗೆಂದು ಬಂದರು. ಮಿಯುಕಿ ನೀರಾವರಿ ಯೋಜನೆಯೊಂದರಲ್ಲಿ ಎಂಜಿನಿಯರು. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದಾರೆಂದು ಕರೆಸಿಕೊಂಡಿದ್ದಳು. ಮೆಟ್ಟಿಲ ಮೇಲೆ ಆ ಸಣ್ಣ ದೇಹದಿಂದ "ಗುಡ್ ಮಾರ್ನಿಂಗ್" ಬಂದ ದಿನ ಬದರೀನಾಥನ ಹೆಂಡತಿ ಇಂದುವಿಗೆ ಬೆಚ್ಚಿಬಿದ್ದಂತಾಗಿ, ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ್ದಳು. ಬಾವಿಯೊಳಗಿಂದ ಯಾರೋ ಕರೆದ ಹಾಗಿತ್ತು ಆ ದನಿ.

ಆ ದನಿಯೇ ಅವರ ಅನ್ನ; ಪಾತ್ರಗಳಿಗೆ ದನಿ ಕೊಡುವುದು ಕಸುಬು. ಮೊದಲು ರೇಡಿಯೊ ನಾಟಕದಲ್ಲಿ ಬಾಗಿಲು ಬಡಿಯುವ ಪೊಲೀಸ್. ಆಮೇಲೆ ಸತ್ತ ಅಜ್ಜಂದಿರು, ಸರಣಿಗೊಬ್ಬ ಕೆಟ್ಟ ಜಮೀನ್ದಾರ, ವಿದೇಶಿ ಸಿನಿಮಾಗಳ ಸಕಲ ಗೂಂಡಾಗಳು. ಕೊನೆಗೆ ಇಪ್ಪತ್ತಾರು ವರ್ಷ ಆ ಕಬ್ಬಿಣದ ಮುಖವಾಡ. ಮುಖ ಯಾರಿಗೂ ಗೊತ್ತಿಲ್ಲ. ಒಮ್ಮೆ ಅಂಗಡಿಯಲ್ಲಿ ಮೂಲಂಗಿಯ ಬೆಲೆ ಕೇಳಿದಾಗ ಪಕ್ಕದಲ್ಲಿದ್ದ ಮಗು ಹೆದರಿ ತಾಯಿಯ ಕೋಟು ಹಿಡಿದುಕೊಂಡಿತಂತೆ. ತಮಗೆ ಸಿಕ್ಕ ಬಹುಮಾನ ಅದೊಂದೇ ಎಂದು ಅವರು ಮಗಳ ಬಾಯಲ್ಲಿ ಹೇಳಿಸಿ ನಕ್ಕಿದ್ದರು. ಎರಡು ವರ್ಷದ ಹಿಂದೆ ಸ್ಟುಡಿಯೊದವರು ಆ ಪಾತ್ರವನ್ನು ಕಿರಿಯ ನಟನೊಬ್ಬನಿಗೆ ಕೊಟ್ಟರು. ಅಲ್ಲಿಂದೀಚೆಗೆ ಅವರು ಮೈಕಿನ ಮುಂದೆ ನಿಂತಿರಲಿಲ್ಲ.

ಇದನ್ನೆಲ್ಲ ಕೇಳಿದ ಬದರೀನಾಥನಿಗೆ ಮನೆಬಾಗಿಲಿಗೇ ದೇವರು ಬಂದಷ್ಟು ಸಂತೋಷವಾಯಿತು. ಅಭಿ ಶಾಲೆಯಲ್ಲಿ ಸಾರಿಬಿಟ್ಟ. ಕರೆದವರೆಲ್ಲ ಬಂದರು, ಎಲ್ರೊಯ್ ಕೂಡ. ತಾದೊಕೊರೊ ಅವರನ್ನು ಒಪ್ಪಿಸಲು ಕಷ್ಟವೇನೂ ಆಗಲಿಲ್ಲ. ಮಕ್ಕಳಿಗೆ ಎಷ್ಟು ವಯಸ್ಸು, ಕೋಣೆ ಎಷ್ಟು ದೊಡ್ಡದು ಎಂದಷ್ಟೇ ವಿಚಾರಿಸಿ, ಒಂದು ವಾರ ಬಿಸಿನೀರು ಬಿಟ್ಟು ಬೇರೇನೂ ಕುಡಿಯದೆ ತಯಾರಿ ನಡೆಸಿದ್ದರು.

ಅವರು ಕಣ್ಣು ಮುಚ್ಚಿದರು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಜಪಾನಿಯಲ್ಲಿ, ಬಹಳ ಮೆಲ್ಲಗೆ, ಮಾತು ಶುರುವಾಯಿತು. ಕೂಗಾಟವಿಲ್ಲ, ಆರ್ಭಟವಿಲ್ಲ. ಒಂದೇ ಹೆಸರನ್ನು ಮತ್ತೆ ಮತ್ತೆ ಕರೆದ ಹಾಗಿತ್ತು. ದನಿ ಇಳಿಯುತ್ತಾ ಇಳಿಯುತ್ತಾ ನೆಲಕ್ಕೆ ತಾಗಿ ಅಲ್ಲೇ ನಿಂತಿತು. ಬದರೀನಾಥನಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ತೋಳಿನ ಮೇಲೆ ಕೂದಲು ಎದ್ದು ನಿಂತವು.

ಅವರು ಕಣ್ಣು ತೆರೆದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ದಟ್ಸ್ ನಾಟ್ ಡ್ರೆಗೋರ್," ಎಂದ ಎಲ್ರೊಯ್. "ಡ್ರೆಗೋರ್ ಲಾಫ್ಸ್." ಎದ್ದು ನಿಂತು, ಹೊಟ್ಟೆ ಮುಂದೆ ಮಾಡಿ, "ಮುಹ್ಹಾ ಹ್ಹಾ ಹ್ಹಾ ಹ್ಹಾ!" ಎಂದು ಸೂರು ಹಾರುವಂತೆ ನಕ್ಕು ತೋರಿಸಿದ. ಮಕ್ಕಳೆಲ್ಲ ಹೋ ಎಂದರು. ಅವರಿಗೆ ಗೊತ್ತಿದ್ದ ಡ್ರೆಗೋರ್ ಅದೇ. ಇಂಗ್ಲಿಷಿಗೆ ಇಳಿಸಿದ ಡಿವಿಡಿಯಲ್ಲಿ ಯಾವನೋ ಇಂಗ್ಲಿಷ್ ನಟ ದನಿ ಕೊಟ್ಟವನು. ಆ ಡ್ರೆಗೋರ್ ಮಾತಿಗೊಮ್ಮೆ ನಗುತ್ತಿದ್ದ. ಬದರೀನಾಥನಿಗೆ ಇದು ಹೊಳೆದೇ ಇರಲಿಲ್ಲ.

"ಯುವರ್ ಡ್ಯಾಡ್ ಲೈಡ್," ಎಂದು ಯಾರೋ ಅಭಿಗೆ ಹೇಳಿದರು.

ಅಭಿಯ ಕಿವಿ ಕೆಂಪಗಾಯಿತು. ಅವನು ಅಪ್ಪನ ಕಡೆ ನೋಡಿದ. ಆ ನೋಟವನ್ನು ಬದರೀನಾಥ ತಡೆದುಕೊಳ್ಳಲಾರದೆ ಹೋದ. ಸತ್ಯ ಹೇಳುವುದಕ್ಕೆ ಒಂದೇ ನಿಮಿಷ ಸಾಕಿತ್ತು. ಇವರೇ ಮೊದಲನೆಯವರು, ನೀವು ಕೇಳಿದ್ದು ಇವರ ಮೇಲೆ ಅಂಟಿಸಿದ ದನಿ ಎಂದರೆ ಮುಗಿಯುತ್ತಿತ್ತು. ಅವನು ಹಾಗೆ ಹೇಳಲಿಲ್ಲ. ದೊಡ್ಡದಾಗಿ ನಕ್ಕ.

"ಜೋಕ್, ಜೋಕ್! ಇಟ್ ವಾಸ್ ಜಸ್ಟ್ ಎ ಜೋಕ್, ಕಿಡ್ಸ್! ಹೀ ಈಸ್ ಓನ್ಲಿ ಅವರ್ ನೇಬರ್. ಫನ್ನಿ ವಾಯ್ಸ್, ನೋ?"

ಮಕ್ಕಳು ಗೊಳ್ಳೆಂದು ನಕ್ಕರು. ಅಭಿಯೂ ನಕ್ಕ, ಎಲ್ಲರಿಗಿಂತ ಜೋರಾಗಿ. ತಾದೊಕೊರೊ ಮಗಳ ಕಡೆ ತಿರುಗಿದರು. ಮಿಯುಕಿ ಅನುವಾದಿಸಲಿಲ್ಲ. ಅವರು ಮಕ್ಕಳಿಗೆ ತಲೆಬಾಗಿ ವಂದಿಸಿ, ಇಂದು ಗಡಿಬಿಡಿಯಿಂದ ಕೈಗಿಟ್ಟ ಕೇಕಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟರು. ಬಾಗಿಲು ದಾಟುವ ಮೊದಲೇ ಒಳಗೆ ಡಿವಿಡಿ ಶುರುವಾಗಿ, ಇಂಗ್ಲಿಷ್ ಡ್ರೆಗೋರ್ ನಗತೊಡಗಿದ್ದ.

ಹುಟ್ಟುಹಬ್ಬ ಭರ್ಜರಿಯಾಯಿತು. ಎಲ್ಲರೂ ಹೋದ ಮೇಲೆ ಅಭಿ ಅಪ್ಪನ ಕುತ್ತಿಗೆಗೆ ಜೋತುಬಿದ್ದು, "ಬೆಸ್ಟ್ ಬರ್ತ್‌ಡೇ, ಅಪ್ಪಾ. ಎಲ್ರೊಯ್ ಸೇಸ್ ಐ ಕ್ಯಾನ್ ಸಿಟ್ ವಿತ್ ದೆಮ್ ಇನ್ ದ ಬಸ್," ಎಂದ. ಬದರೀನಾಥ ಇಷ್ಟು ತಿಂಗಳಿಂದ ಕಾದಿದ್ದು ಈ ಮಾತಿಗೇ. ಈಗ ಅದು ಬಂದಾಗ ಅನ್ನದಲ್ಲಿ ಕಲ್ಲು ಸಿಕ್ಕಿದಂತಾಯಿತು.

ಇಂದು ಬಲೂನುಗಳನ್ನು ಬಿಚ್ಚುತ್ತಿದ್ದಳು. "ರೀ, ಅವರ ಮುಖ ನೋಡಿದ್ರಾ?"

"ನೋಡ್ದೆ ಕಣೆ. ಏನ್ ಮಾಡ್ಲಿ ಹೇಳು, ಅಭಿ ಅಲ್ಲೇ ಅಳೋ ಥರ ಆಗ್ಬಿಟ್ಟಿದ್ದ."

"ಅಳ್ತಿದ್ದ ಅಷ್ಟೇ ತಾನೆ? ಮಕ್ಳು ಅಳ್ತವೆ, ಆಮೇಲೆ ಸುಮ್ನಾಗ್ತವೆ. ವಯಸ್ಸಾದೋರನ್ನ ಕರ್ಸಿ, ಎಲ್ಲರ ಎದುರಿಗೆ ಹಾಗಂದ್ಬಿಟ್ರಲ್ಲ. ನಂಗಂತೂ ಮಿಯುಕಿ ಮುಖ ನೋಡಕ್ಕಾಗಲ್ಲ. ನಾಳೆ ಹೋಗಿ ಸಾರಿ ಕೇಳಿ. ಸುಮ್ನೆ ಸಾರಿ ಅಲ್ಲ, ಸುಳ್ಳು ಹೇಳ್ದೆ ಅಂತ ಹೇಳಿ."

"ನೀನೂ ಬಾ."

"ನಾನ್ಯಾಕೆ ಬರ್ಲಿ? ಬಾಯಿ ಬಿಟ್ಟೋರು ನೀವು."

ಭಾನುವಾರ ಪೂರ್ತಿ ಬದರೀನಾಥ ಕುಂಟುನೆಪ ಹುಡುಕಿದ. ಅಸ್ಕಾರಿ ಆಗಲೇ ತೊಳೆದಿದ್ದ ಕಾರನ್ನು ಮತ್ತೆ ತೊಳೆದ. ನೀರಿನ ಟ್ಯಾಂಕರು ಬಂದಿದೆಯೇ ಎಂದು ನೋಡಲು ಸುಮ್ಮಸುಮ್ಮನೆ ಕೆಳಗಿಳಿದ. ಸಂಜೆ ಇಂದು ಕೇಸರಿಬಾತಿನ ಡಬ್ಬಿಯನ್ನು ಕೈಗಿಟ್ಟು, ಬಾಗಿಲು ತೆರೆದು ನಿಂತಳು. ಇನ್ನು ದಾರಿಯಿರಲಿಲ್ಲ. ಮೆಟ್ಟಿಲು ಹತ್ತುತ್ತಾ, "ಐ ಲೈಡ್, ಸರ್" ಎಂದು ಬಾಯಲ್ಲೇ ಹೇಳಿಕೊಂಡ. ಹೇಳಿ ನೋಡಿದರೆ ಅಷ್ಟೇನೂ ಕಷ್ಟದ ಮಾತಲ್ಲ.

ಮಿಯುಕಿ ಬಾಗಿಲು ತೆರೆದಳು. "ಕರಿಬು," ಎಂದಳು. ಸ್ವಾಗತದ ಮಾತು ಅದು, ಮುಖದಲ್ಲಿ ಮಾತ್ರ ಸ್ವಾಗತವಿರಲಿಲ್ಲ.

ಅವನು ಬಾಯಿ ತೆರೆಯುವಷ್ಟರಲ್ಲಿ ತಾದೊಕೊರೊ ಎದ್ದು ಬಂದು ಸೊಂಟದವರೆಗೆ ಬಾಗಿದರು. ಬಾಗಿಕೊಂಡೇ ಏನೋ ಹೇಳಿದರು. ನರೆತ ನೆತ್ತಿ ಬದರೀನಾಥನ ಎದೆಯ ಮಟ್ಟದಲ್ಲಿತ್ತು. ಅವನಿಗೆ ಎರಡು ಹೆಜ್ಜೆ ಹಿಂದೆ ಸರಿಯಬೇಕೆನಿಸಿತು.

"ಕ್ಷಮಿಸಬೇಕಂತೆ," ಎಂದು ಮಿಯುಕಿ ಇಂಗ್ಲಿಷಿನಲ್ಲಿ ಹೇಳಿದಳು. "ನಿಮ್ಮ ಮಗನ ಹಬ್ಬ ಕೆಡಿಸಿಬಿಟ್ಟೆ ಅನ್ನುತ್ತಿದ್ದಾರೆ. ಇಲ್ಲಿನ ಮಕ್ಕಳು ಯಾರ ದನಿ ಕೇಳಿ ಬೆಳೆದಿದ್ದಾರೆ ಅಂತ ಮೊದಲೇ ವಿಚಾರಿಸಬೇಕಿತ್ತಂತೆ. ಕಸುಬಿನವನು ಮಾಡಬಾರದ ತಪ್ಪಂತೆ."

"ಇಲ್ಲ, ಇಲ್ಲ, ತಪ್ಪು ನನ್ನದು..."

"ನಿಮ್ಮ ಮಾತನ್ನು ನಾನು ಅವರಿಗೆ ಅನುವಾದಿಸಿಲ್ಲ," ಎಂದಳು ಮಿಯುಕಿ, ದನಿ ಏರಿಸದೆ. "ಆದರೆ ಜೋಕ್ ಅನ್ನುವ ಪದ ನಮ್ಮ ಭಾಷೆಯಲ್ಲೂ ಇದೆ."

ಬದರೀನಾಥನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಈಗ ಹೇಳಬೇಕು, ಈಗಲೇ, ಎಂದುಕೊಳ್ಳುತ್ತಿರುವಾಗ ಮುದುಕರು ಮತ್ತೇನೋ ಕೇಳಿದರು. ಆ ಡಿವಿಡಿಯನ್ನು ಒಂದು ಸಂಜೆಯ ಮಟ್ಟಿಗೆ ಕೊಡಬಹುದೇ? ಆ ಇಂಗ್ಲಿಷಿನವನನ್ನು ಅವರು ಕೇಳಬೇಕಂತೆ.

ಕೆಳಗೆ ಓಡಿಹೋಗಲು ಒಂದು ಕಾರಣ ಸಿಕ್ಕಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಆ ಸಮಾಧಾನಕ್ಕೂ ನಾಚಿಕೆಯಾಯಿತು. ಅಭಿ "ಯಾರಿಗೆ ಅಪ್ಪಾ? ವೈ?" ಎಂದು ಕೇಳಿದ. "ಸುಮ್ನಿರೋ," ಎಂದು ಗದರಿ ಡಿವಿಡಿ ತೆಗೆದುಕೊಂಡು ಮತ್ತೆ ಮೆಟ್ಟಿಲು ಹತ್ತಿದ.

ತಾದೊಕೊರೊ ಟಿವಿಯ ಮುಂದೆ ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಚಿತ್ರ ಅವರಿಗೆ ಬೇಕಿರಲಿಲ್ಲ. ಕಬ್ಬಿಣದ ಮುಖವಾಡ ತೆರೆಯ ತುಂಬ ಬಂದು ಇಂಗ್ಲಿಷಿನಲ್ಲಿ ಗರ್ಜಿಸಿತು, ನಕ್ಕಿತು, ಮತ್ತೆ ಗರ್ಜಿಸಿತು. ಅವರು ಬೆರಳೆತ್ತಿದಾಗ ಮಿಯುಕಿ ನಿಲ್ಲಿಸಿ ಹಿಂದಕ್ಕೆ ಓಡಿಸುತ್ತಿದ್ದಳು. ಅದೇ ನಗು ಮತ್ತೆ.

"ಈ ಇಂಗ್ಲಿಷ್ ಹುಡುಗನ ಉಸಿರು ಚೆನ್ನಾಗಿದೆಯಂತೆ," ಎಂದಳು ಮಿಯುಕಿ. "ಇಷ್ಟು ಉದ್ದ ನಗುವುದು ಸುಲಭವಲ್ಲವಂತೆ."

"ನಿಮ್ಮ ತಂದೆ ಯಾಕೆ ನಗಲಿಲ್ಲ?" ಬದರೀನಾಥ ತಡೆಯಲಾರದೆ ಕೇಳಿದ.

ಅವಳು ಅಪ್ಪನನ್ನು ಕೇಳಲಿಲ್ಲ, ತಾನೇ ಹೇಳಿದಳು. "ಆ ಪಾತ್ರಕ್ಕೆ ನಗು ಬರೆದೇ ಇಲ್ಲ. ಅವನು ಮಗನನ್ನು ಕಳೆದುಕೊಂಡವನು. ಮಗನಿಗಾಗಿ ಊರುಗಳನ್ನು ಸುಡುತ್ತಾನೆ. ಇಂಗ್ಲಿಷಿಗೆ ಹೋಗುವಾಗ ಮಗನನ್ನು ತೆಗೆದುಹಾಕಿ, ನಗು ಸೇರಿಸಿದ್ದಾರೆ. ಅಪ್ಪ ನಿನ್ನೆ ಆಡಿದ್ದು ಆ ಮಗನನ್ನು ಕರೆಯುವ ದೃಶ್ಯ. ನಿಮ್ಮ ಮಗನ ಹುಟ್ಟುಹಬ್ಬ, ಅದಕ್ಕೆ ಅಂತ ಅವರೇ ಆರಿಸಿದ್ದರು."

ಬದರೀನಾಥ ಕೇಸರಿಬಾತಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕೊಡುವುದನ್ನೂ ಮರೆತಿದ್ದ.

ಅಷ್ಟರಲ್ಲಿ ತಾದೊಕೊರೊ ಎದ್ದು ನಿಂತರು. ಟೈ ಇರಲಿಲ್ಲ, ಮನೆಯಲ್ಲಿ ಹಾಕುವ ಉಣ್ಣೆಯ ಅಂಗಿ. ಕೈಗಳನ್ನು ನಿನ್ನೆಯ ಹಾಗೆಯೇ ತೊಡೆಗೆ ಒತ್ತಿಕೊಂಡರು. ಉಸಿರೆಳೆದುಕೊಂಡರು.

"ಮು... ಹ್ಹಾ ಹ್ಹಾ ಹ್ಹಾ!"

ದನಿ ನಡುವೆ ಒಡೆಯಿತು. ಕೆಮ್ಮು ಬಂತು. ಮಿಯುಕಿ ಜಪಾನಿಯಲ್ಲಿ ಏನೋ ಗಟ್ಟಿಯಾಗಿ ಅಂದಳು, ಬೇಡ ಎಂದಿರಬೇಕು. ಅವರು ಕೈ ಅಡ್ಡ ಮಾಡಿ ಅವಳನ್ನು ತಡೆದು, ನೀರು ಕುಡಿದು, ಹೊಟ್ಟೆಯನ್ನು ಸ್ವಲ್ಪ ಮುಂದೆ ತಂದು ಮತ್ತೆ ನಕ್ಕರು. ಎಲ್ರೊಯ್ ನಿಂತಿದ್ದ ಹಾಗೆಯೇ ನಿಂತಿದ್ದರು. ಈ ಸಲ ನಗು ಕೊನೆಯವರೆಗೂ ಹೋಯಿತು.

"ಮುಂದಿನ ಶನಿವಾರ ಮಕ್ಕಳನ್ನು ಮತ್ತೆ ಕರೆಯಬಹುದೇ ಅಂತ ಕೇಳುತ್ತಿದ್ದಾರೆ," ಎಂದಳು ಮಿಯುಕಿ, ಅವನ ಮುಖ ನೋಡದೆ. "ಅಷ್ಟರಲ್ಲಿ ಕಲಿತುಕೊಳ್ಳುತ್ತಾರಂತೆ. ನಿಮ್ಮ ಮಗನಿಗೆ ಅವಮಾನ ಆಗಬಾರದಂತೆ."

ತಾದೊಕೊರೊ ಬದರೀನಾಥನ ಕಡೆ ತಿರುಗಿದರು. ಹಣೆಯ ಮೇಲೆ ಬೆವರಿತ್ತು. ಮಗಳ ನೆರವಿಲ್ಲದೆ ತಾವೇ ಕೇಳಿದರು.

"ಓಕೆ?"

ಬೇಡಿ ಸರ್, ನಿನ್ನೆಯದೇ ನಿಜ, ನಾನು ಸುಳ್ಳ. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಅದನ್ನು ಅಭಿಗೂ ಹೇಳಬೇಕು, ಎಲ್ರೊಯ್‌ಗೂ ಹೇಳಬೇಕು. ನಾಳೆ ಬೆಳಿಗ್ಗೆ ಬಸ್ಸಿನ ಹಿಂದಿನ ಸೀಟಿಗೆ ಅಭಿ ಮೊದಲ ಸಲ ಹೋಗುವವನಿದ್ದ.

"ವೆರಿ ಗುಡ್, ಸರ್," ಎಂದ ಬದರೀನಾಥ.

ಮಿಯುಕಿ ರಿಮೋಟನ್ನು ಕುರ್ಚಿಯ ಮೇಲಿಟ್ಟು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದಾಯಿತು. ಮುದುಕರ ಮುಖ ಅರಳಿತು. ತಾವೇ ರಿಮೋಟ್ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ ಗುಂಡಿ ಹುಡುಕಿ, ಹಿಂದಕ್ಕೆ ಓಡಿಸಿದರು. ಆಮೇಲೆ ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಆ ಇಂಗ್ಲಿಷಿನವನು ನಗುವುದನ್ನೇ ಕಾಯುತ್ತಾ ನಿಂತರು.